ಏಳನೆಯ ಪುಸ್ತಕದ ಕೊಲೆಗಾರ

ಸರ್ ತೀರಿಕೊಂಡು ಹನ್ನೊಂದು ದಿನವಾದ ಮೇಲೆ ಬೆಟಗೇರಿಯ ಅವರ ಮನೆಯ ಪಡಸಾಲೆಯಲ್ಲಿ ಒಂದಿಷ್ಟು ಜನ ಸೇರಿದ್ದೆವು. ಅವರ ಬಗ್ಗೆ ಎರಡು ಮಾತು ಹೇಳಬೇಕೆಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಗಂಟೆಯ ಪ್ರಸಂಗ ಹೇಳಿದೆ. ಅವರು ಮುಂಡರಗಿಯ ಶಾಲೆಯಲ್ಲಿದ್ದಾಗ ಒಂದು ಬೆಳಿಗ್ಗೆ ಶಾಲೆಯ ಗಂಟೆ ಕಾಣೆಯಾಗಿತ್ತು. ಎಲ್ಲರ ಕಣ್ಣೂ ಜವಾನನ ಮೇಲೆ. ಸರ್ ಮಾತ್ರ ಗಂಟೆ ತೂಗುತ್ತಿದ್ದ ಕೊಕ್ಕೆಯನ್ನು ಬೆರಳಿನಿಂದ ಸವರಿ, "ಇದಕ್ಕ ಎಣ್ಣಿ ಹಚ್ಯಾರ. ಕಳ್ಳ ಎಣ್ಣಿ ಹಚ್ಚಂಗಿಲ್ಲ, ರಿಪೇರಿ ಮಾಡಾವ ಹಚ್ತಾನ" ಎಂದರು. ಗಂಟೆ ಕಮ್ಮಾರನ ಹತ್ತಿರ ಸಿಕ್ಕಿತು. ಇದನ್ನು ಹೇಳುವಾಗ ನನಗೆ ಆ ಕೊಕ್ಕೆ, ಸರ್ ಬೆರಳಿಗೆ ಹತ್ತಿದ ಎಣ್ಣೆ, ಅದನ್ನು ಅವರು ಧೋತರದ ಅಂಚಿಗೆ ಒರೆಸಿಕೊಂಡದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಹಿಂದಿನಿಂದ ಟೇಲರ್ ಈರಣ್ಣ ಮೆಲ್ಲಗೆ ಹೇಳಿದ: "ಅಕ್ಕಾರ, ಅದು ಮುಂಡರಗ್ಯಾಗ ಆಗಿದ್ದಲ್ರಿ. ಮಾಸ್ತರ ಬರದ ಮೂರನೇ ಪುಸ್ತಕದಾಗ ಪತ್ತೇದಾರಿ ಖಾನಂ ಹಡಗಿನ ಗಂಟಿ ಹುಡುಕಿದ್ದದು."

ಜನ ನಕ್ಕರು. ಸರ್ ಅವರ ಹೆಂಡತಿ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಕೂತುಬಿಟ್ಟೆ. ಈರಣ್ಣ ಹೇಳಿದ್ದು ಸರಿಯಾಗಿತ್ತು. ಹಾಗಾದರೆ ನಾನು ಕಂಡ ಆ ಎಣ್ಣೆಯ ಬೆರಳು ಯಾರದು? ಕತೆಯಲ್ಲಿ ಅದು ಒಬ್ಬ ಹೆಂಗಸಿನ ಬೆರಳು. ಅದಕ್ಕೆ ಧೋತರ ಉಡಿಸಿದವಳು ನಾನೇ ಇರಬೇಕು.

ಆದ್ದರಿಂದ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಯಾವುದು ನನ್ನ ಡೈರಿಯಲ್ಲಿ ಇದೆಯೋ ಅದನ್ನು ಡೈರಿಯಲ್ಲಿದೆ ಎಂದೇ ಬರೆಯುತ್ತೇನೆ. ಉಳಿದದ್ದು ನೆನಪು. ಅದಕ್ಕೆ ನಾನು ಜಾಮೀನು ನಿಲ್ಲಲಾರೆ.

ಸರ್ ಇತಿಹಾಸದ ಮಾಸ್ತರರು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಎಂದು ವರ್ಗವಾಗುತ್ತ ಹೋದರು. ನಾನು ಅವರಿಗೆ ಸಿಕ್ಕಿದ್ದು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ. ಪಾಠ ಮುಗಿಸಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳುವುದು ಅವರ ಪದ್ಧತಿ. "ಹಂಗ ಆಗದಿದ್ರ?" ಆ ಯುದ್ಧದಲ್ಲಿ ಅವರು ಸೋಲದಿದ್ದರೆ? ಆ ಹಡಗು ಈ ದಂಡೆಗೆ ಬರದಿದ್ದರೆ? ನಾವು ಬಾಯಿಗೆ ಬಂದದ್ದು ಹೇಳುತ್ತಿದ್ದೆವು. ಅವರು ಯಾವುದನ್ನೂ ತಪ್ಪು ಎನ್ನುತ್ತಿರಲಿಲ್ಲ, ಸರಿ ಎಂದೂ ಹೇಳುತ್ತಿರಲಿಲ್ಲ.

ಒಂದು ದಿನ ಮೊದಲ ಮಹಾಯುದ್ಧದ ಪಾಠ. ತುರ್ಕರ ಸುಲ್ತಾನರ ರಾಜ್ಯ ಆ ಯುದ್ಧಕ್ಕೆ ಇಳಿದು, ಸೋತು, ಕೊನೆಗೊಂಡಿತು ಎಂದು ಪಠ್ಯಪುಸ್ತಕದಲ್ಲಿತ್ತು. ಅಷ್ಟೇ. ಒಂದು ಸಾಲು. ಸರ್ ಕಿಟಕಿಗೆ ತಿರುಗಿದರು. ಆ ಸುಲ್ತಾನ ಯುದ್ಧಕ್ಕೆ ಇಳಿಯದೆ ಸುಮ್ಮನೆ ಮನೆಯಲ್ಲಿ ಕೂತಿದ್ದರೆ? ಆ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ. ನಿವೃತ್ತರಾಗಿ ಬೆಟಗೇರಿಗೆ ಬಂದ ಮೇಲೆ ಅದರ ಮೇಲೆ ಆರು ಪುಸ್ತಕ ಬರೆದರು, ಎಲ್ಲ ಪತ್ತೇದಾರಿ ಕತೆಗಳು. ಆ ಲೋಕದಲ್ಲಿ ಸುಲ್ತಾನರು ಇವತ್ತಿಗೂ ಇದ್ದಾರೆ. ಇಸ್ತಾಂಬುಲ್ಲಿನಿಂದ ಬಗ್ದಾದಿಗೆ ರೈಲು ಓಡುತ್ತದೆ, ಪಾಶಾಗಳೆಂಬ ದೊಡ್ಡ ಅಧಿಕಾರಿಗಳು ಮೊಬೈಲಿನಲ್ಲಿ ಮಾತಾಡುತ್ತಾರೆ, ಗದಗಿನ ಹತ್ತಿ ಬಸ್ರಾ ಬಂದರಿನಲ್ಲಿ ಇಳಿಯುತ್ತದೆ. ಕೊಲೆಯಾದಾಗ ಪತ್ತೆ ಮಾಡುವವಳು ತಾರು ಕಚೇರಿಯ ಒಬ್ಬ ಅಧಿಕಾರಿ. ಎಲ್ಲರೂ ಅವಳನ್ನು ಖಾನಂ ಎನ್ನುತ್ತಾರೆ.

ಎಲ್ಲ ಬಿಟ್ಟು ತುರ್ಕರೇ ಏಕೆ ಎಂದು ನಾನು ಅನೇಕ ಸಲ ಕೇಳಿದ್ದೇನೆ. ಒಮ್ಮೆ ಲಕ್ಷ್ಮೇಶ್ವರದ ಕಲ್ಲಿನ ಮಸೀದಿಯ ಮುಂದೆ ನಿಂತಾಗ ಹೊಳೆಯಿತು ಎಂದರು. ಇನ್ನೊಮ್ಮೆ ಯಾವುದೋ ಹಳೆಯ ಕ್ಯಾಲೆಂಡರಿನಲ್ಲಿ ಸುಲ್ತಾನರ ಚಿತ್ರ ನೋಡಿದ್ದೆ ಎಂದರು. ಡೈರಿಯಲ್ಲಿರುವ ಉತ್ತರ ಇದು: "ಆರುನೂರು ವರ್ಷ ಬಾಳಿದ್ದು ಒಂದ ಸಾಲಿನ್ಯಾಗ ಸತ್ತಿತ್ತು. ನನಗ ಸಂಶೆ ಬಂತು."

ಅವರು ಮೂಡಣಕ್ಕೆ ಹೈದರಾಬಾದು, ಬಡಗಣಕ್ಕೆ ಸೋಲಾಪುರ ದಾಟಿದವರಲ್ಲ. ಇಸ್ತಾಂಬುಲ್ಲನ್ನು ಇಲ್ಲಿಯ ಸಾಮಾನಿನಿಂದಲೇ ಕಟ್ಟಿದರು. ನೀರಿನ ಆಚೆ ಒಂದು ಊರು, ಈಚೆ ಒಂದು ಊರು, ಎರಡಕ್ಕೂ ಸೇರಿ ಒಂದು ಹೆಸರು. ಅದಕ್ಕೆ ಗದಗ-ಬೆಟಗೇರಿ ನೋಡಿದವರಿಗೆ ನಕ್ಷೆ ಬೇಕಿಲ್ಲ ಎನ್ನುತ್ತಿದ್ದರು. "ಬೆಟಗೇರಿ ಏಷ್ಯಾ, ಗದಗ ಯುರೋಪ, ನಡುವ ರೈಲಿನ ಹಳಿ ಅಂದ್ರ ಸಮುದ್ರ."

ಈರಣ್ಣನ ಅಂಗಡಿ ಗದಗಿನಲ್ಲಿದೆ. "ಹಂಗಾರ ನಾ ಯುರೋಪಿನಾವ! ಮಾಸ್ತರ, ಇನ್ನ ಮ್ಯಾಲ ನನ್ನ ಕೂಡ ಸ್ವಲ್ಪ ಮರ್ಯಾದಿಲೆ ಮಾತಾಡ್ರಿ."

"ಯುರೋಪಿನಾವ, ನನ್ನ ಅಂಗಿ ಹೊಲಿಯಾಕ ಕೊಟ್ಟು ತಿಂಗಳಾತು. ಮೊದಲ ಅದನ್ನ ಕೊಡು, ಆಮ್ಯಾಲ ಮರ್ಯಾದಿ."

ಈ ಮಾತುಗಳು ನಡೆಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಅದೇ ಪಡಸಾಲೆಯಲ್ಲಿ. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿರುತ್ತಿತ್ತು. ಸರ್ ವಾರಕ್ಕೊಂದು ಅಧ್ಯಾಯ ಬರೆದು ನೋಟುಬುಕ್ಕಿನಿಂದ ಓದುತ್ತಿದ್ದರು. ಕೇಳುವವರು ನಾವು ನಾಲ್ವರು. ಈರಣ್ಣ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ದಸ್ತಗೀರಸಾಬರು, ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ನಾನು, ಒಳಗಿನ ಬಾಗಿಲ ಹೊಸ್ತಿಲ ಬಳಿ ಸರ್ ಹೆಂಡತಿ. ಅವರನ್ನು ನಾವೆಲ್ಲ ಅವ್ವಾರ ಎನ್ನುತ್ತಿದ್ದೆವು. ಅವ್ವಾರ ಕಣ್ಣಿಗೆ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ಪೂರ್ತಿ ಪುಸ್ತಕವನ್ನು ಕಿವಿಯಲ್ಲೇ ಇಟ್ಟುಕೊಂಡಿರುತ್ತಿದ್ದರು.

ಸರ್ ಪಾಶಾನ ಮಾತು ಬಂದಾಗ ಒಮ್ಮೆ ಕೆಮ್ಮಿ, ಕಾಲ ಮೇಲೆ ಕಾಲು ಹಾಕಿ ಓದುತ್ತಿದ್ದರು. ದಸ್ತಗೀರಸಾಬರು ಬಿಡುತ್ತಿರಲಿಲ್ಲ. "ಮಾಸ್ತರ, ಪಾಶಾನ ಮುಂದ ಕಪ್ತಾನ ಕುರ್ಚಿ ಮ್ಯಾಲ ಕುಂತಾನ ಅಂತ ಬರದೀರಿ. ಕುಂಡ್ರಂಗಿಲ್ರಿ ಅವರ ಮುಂದ."

"ನೀವು ನೋಡೀರೇನ ಪಾಶಾನ್ನ?"

"ನಾ ನೋಡಿಲ್ಲ, ನೀವೂ ನೋಡಿಲ್ಲ. ಆದ್ರ ನಾ ರೈಲ್ವೇದ ದೊಡ್ಡ ಸಾಹೇಬ್ರನ್ನ ನೋಡೇನಿ. ಎಲ್ಲಾ ಊರಾಗೂ ಅವರು ಒಂದ ನಮೂನಿ ಇರ್ತಾರ."

ಮರುವಾರ ಕಪ್ತಾನ ನಿಂತುಕೊಂಡೇ ಮಾತಾಡಿದ.

ಸರ್ ಅವರ ಆ ಪ್ರಶ್ನೆಯಿಂದ ನನಗಾದ ಒಂದು ಪೆಟ್ಟನ್ನೂ ಹೇಳಬೇಕು. ಧಾರವಾಡದಲ್ಲಿ ಎಂ.ಎ. ಓದುವಾಗ ಒಂದು ಪರೀಕ್ಷೆಯಲ್ಲಿ ನಾನು ತುರ್ಕರ ರಾಜ್ಯ ಯುದ್ಧದಿಂದ ದೂರ ಉಳಿದ ಕಾರಣಗಳನ್ನು ಒಂದೂವರೆ ಪುಟ ಬರೆದಿದ್ದೆ. ಶಾಲೆಯ ಕಿಟಕಿಯ ಆ ಪ್ರಶ್ನೆ ನನ್ನ ತಲೆಯಲ್ಲಿ ಪಾಠವಾಗಿ ಕೂತಿತ್ತು. ಪ್ರಾಧ್ಯಾಪಕರು ಎಲ್ಲರ ಮುಂದೆ ಓದಿ ತೋರಿಸಿದರು. ಊರಿಗೆ ಬಂದಾಗ ಸರ್‌ಗೆ ಹೇಳಿದೆ, ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ನಂದ ತಪ್ಪಾತು ಯವ್ವಾ" ಎಂದು ಬಹಳ ಹೊತ್ತು ಕನ್ನಡಕ ಒರೆಸಿದರು. ಮುಂದೆ ಬರೆದ ಪ್ರತಿ ನೋಟುಬುಕ್ಕಿನ ಮೊದಲ ಪುಟದ ಮೇಲ್ತುದಿಗೆ ಎರಡೇ ಪದ ಇರುತ್ತಿದ್ದವು: ‘ಇದು ಆಗಿಲ್ಲ.’

ಅದರ ಕೆಳಗೆ ಕೊಲೆಗಾರನ ಹೆಸರು ಬರೆದು, ಮೇಲೆ ಒಂದು ಕಾಗದದ ತುಂಡು ಅಂಟಿಸಿಬಿಡುತ್ತಿದ್ದರು. ಮೊದಲು ಹೆಸರು, ಆಮೇಲೆ ಕತೆ. ತಾನು ಮೋಸ ಮಾಡುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿಯಂತೆ. ಕೊನೆಯ ಅಧ್ಯಾಯಕ್ಕೆ ಒಂದು ವಾರ ಮುಂಚೆ ನಾವು ನಾಲ್ವರೂ ಕೊಲೆಗಾರ ಯಾರೆಂದು ಒಂದೊಂದು ಚೀಟಿ ಬರೆದು ಬಿಸ್ಕೀಟಿನ ತಗಡಿನ ಡಬ್ಬಿಗೆ ಹಾಕಬೇಕು. ಸರ್ ನಮ್ಮೆದುರಿಗೇ ಅದಕ್ಕೆ ದಾರ ಸುತ್ತಿ ಅರಗು ಹಚ್ಚುತ್ತಿದ್ದರು. ಮುಂದಿನ ಭಾನುವಾರ ಕೊನೆಯ ಅಧ್ಯಾಯ ಓದಿ ಮುಗಿಸಿದ ಮೇಲೆ ಅರಗು ಒಡೆದು ಚೀಟಿಗಳನ್ನು ಒಂದೊಂದಾಗಿ ಓದಿ ನಮ್ಮನ್ನು ಗೇಲಿ ಮಾಡುವುದು. ಆಮೇಲೆ ಆ ಚೀಟಿಗಳು ಒಂದು ಲಕೋಟೆಯಲ್ಲಿ ನೋಟುಬುಕ್ಕಿನ ಜೊತೆ ಸೇರುತ್ತಿದ್ದವು. ಅಂಟಿಸಿದ ತುಂಡನ್ನು ಕಿತ್ತು ನೋಡೋಣ ಎಂದು ನಾವ್ಯಾರೂ ಕೇಳಲಿಲ್ಲ. ಮಾಸ್ತರರನ್ನು ಹಾಗೆ ಕೇಳುವುದು ಹೇಗೆ?

ಅವ್ವಾರ ಚೀಟಿ ಬರೆಯುವವಳು ನಾನು. ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ನಾನು ಬರೆದು ಕೊಟ್ಟದ್ದನ್ನು ಅವರು ತಾವೇ ಎಲೆಯಡಿಕೆ ಮಡಿಸಿದ ಹಾಗೆ ಮೂರು ಮೂಲೆಯಾಗಿ ಮಡಿಸಿ ಡಬ್ಬಿಗೆ ಹಾಕುತ್ತಿದ್ದರು. ಆರು ಪುಸ್ತಕ ಮುಗಿದವು. ಆರರಲ್ಲೂ ನಮ್ಮಲ್ಲಿ ಒಬ್ಬರ ಊಹೆಯೂ ಸರಿಯಾಗಲಿಲ್ಲ. ಅವ್ವಾರ ಪ್ರತಿ ಸಲ "ನಂದು ಒಮ್ಮೆನೂ ಹತ್ತಲಿಲ್ಲ ನೋಡ್ರಿ" ಎಂದು ಎದ್ದು ಚಹಾ ಮಾಡಲು ಹೋಗುತ್ತಿದ್ದರು. ಸರ್ ಆಗ ದಾರದ ಉಂಡೆ ಸುತ್ತುತ್ತ ಕೂತಿರುತ್ತಿದ್ದರು.

ಏಳನೆಯ ಪುಸ್ತಕ ಗಡಿಯಾರದ್ದು. ಸುಲ್ತಾನರ ಊರಿನಲ್ಲಿ ಎರಡು ಬಗೆಯ ಹೊತ್ತು ನಡೆಯುತ್ತದೆ. ಒಂದು ನಮ್ಮ ಹಾಗೆ. ಇನ್ನೊಂದರಲ್ಲಿ ಹೊತ್ತು ಮುಳುಗಿದಾಗ ಹನ್ನೆರಡು ಗಂಟೆ, ಅಲ್ಲಿಂದ ಎಣಿಕೆ. ಒಬ್ಬ ಪಾಶಾ ಮೂರು ಗಂಟೆಗೆ ಕೊಲೆಯಾಗುತ್ತಾನೆ. ಯಾವ ಮೂರು ಗಂಟೆ? ಅನುಮಾನ ಐದು ಜನರ ಮೇಲೆ: ಪಾಶಾನ ತಂಗಿ, ಅಡುಗೆಯವ, ದೋಣಿಯ ಕಪ್ತಾನ, ತಾರು ಗುಮಾಸ್ತ, ಗಡಿಯಾರ ರಿಪೇರಿಯವ. ನಾವು ಚೀಟಿ ಹಾಕಿದೆವು, ಸರ್ ಅರಗು ಹಚ್ಚಿದರು. ಆ ವಾರದ ಕೊನೆಗೆ ಅವರಿಗೆ ಹುಷಾರು ತಪ್ಪಿತು. ಮುಂದಿನ ಭಾನುವಾರ ಕೊನೆಯ ಅಧ್ಯಾಯವಿರಲಿಲ್ಲ. ಮೂರು ತಿಂಗಳು ಹಾಸಿಗೆ ಹಿಡಿದರು, ಮಾತು ನಿಂತಿತು, ಆಮೇಲೆ ಹೋದರು. ಡಬ್ಬಿ ಅಲಮಾರಿಯಲ್ಲಿ ಹಾಗೆಯೇ ಉಳಿಯಿತು.

ಆ ಹನ್ನೊಂದನೆಯ ದಿನ ಜನ ಎದ್ದು ಹೋದ ಮೇಲೆ ಅವ್ವಾರ ನನ್ನ ಕೈ ಹಿಡಿದುಕೊಂಡರು. "ಯವ್ವಾ, ಯಾರು ಕೊಂದದ್ದು ಅಂತ ಅವರು ನಿನಗೇನರ ಹೇಳ್ಯಾರೇನ? ನನಗ ಅದೊಂದು ಕೇಳಬೇಕಾಗೇತಿ. ಬ್ಯಾರೆ ಯಾರರ ಮುಗಿಸಿದ್ದು ಬ್ಯಾಡ. ಅವರದ ಬೇಕು."

ನಾನು ತಕ್ಷಣ ಹೇಳಿದೆ: "ಹೌದ್ರಿ ಅವ್ವಾರ, ಹೇಳ್ಯಾರ. ಗಡಿಯಾರದವ." ಹೇಳಿದಾಗ ನನ್ನಲ್ಲಿ ಸಂಶಯವಿರಲಿಲ್ಲ. ಊರಾಚೆಯ ಮಲ್ಲಸಮುದ್ರ ಹಳ್ಳಿಯ ಕಡೆಗೆ ನಾವಿಬ್ಬರೂ ನಡೆದು ಹೋಗುತ್ತಿದ್ದೆವು, ಸರ್ ಕೊಡೆಯ ತುದಿಯನ್ನು ನೆಲಕ್ಕೆ ಊರಿ ನಿಂತರು, ಎರಡೂ ಹೊತ್ತನ್ನು ಒಂದೇ ಕಿಸೆಯಲ್ಲಿ ಇಟ್ಟುಕೊಂಡವನು ಅವನೊಬ್ಬನೇ ಎಂದರು. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿತ್ತು.

ಅವ್ವಾರ "ಹಂಗಾರ ಬರಿ" ಎಂದು ಏಳು ನೋಟುಬುಕ್ಕುಗಳನ್ನೂ ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಡೈರಿ ತೆಗೆದೆ. ಚೀಟಿ ಹಾಕಿದ ಭಾನುವಾರದ ನಂತರದ ಮಂಗಳವಾರ: ‘ಸರ್ ಜೊತೆ ಮಲ್ಲಸಮುದ್ರದ ದಾರಿ. ಗಡಿಯಾರದವನ ಮಾತು ಬಂತು.’ ಅಷ್ಟೇ. ಮಾತು ತೆಗೆದವರು ಅವರೋ ನಾನೋ? ಬರೆದಿರಲಿಲ್ಲ. ನಮ್ಮ ದಡ್ಡತನ ನೋಡಿ, ಮಾತು ಬರೆದಿಡುತ್ತೇವೆ, ಆಡಿದವರನ್ನು ಬರೆಯುವುದಿಲ್ಲ.

ಸುಳಿವು ಸಿಗಬಹುದೆಂದು ಏಳನೆಯ ನೋಟುಬುಕ್ಕಿನ ಮೊದಲ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ‘ಇದು ಆಗಿಲ್ಲ’ ಎಂಬುದರ ಕೆಳಗೆ ಅಂಟಿಸಿದ ತುಂಡು. ಅದರ ಅಡಿಯಲ್ಲಿ ಏನೂ ಇರಲಿಲ್ಲ. ಬರೀ ಕಾಗದ. ಅಂದರೆ ಅವರೇ ಇನ್ನೂ ನಿರ್ಧರಿಸಿರಲಿಲ್ಲವೇ? ಹಾಗಾದರೆ ಮಂಗಳವಾರ ನನಗೆ ಏನು ಹೇಳಿದರು?

ಹುಚ್ಚು ಹಿಡಿದಂತಾಗಿ ಉಳಿದ ಆರನ್ನೂ ಬೆಳಕಿಗೆ ಹಿಡಿದೆ. ಅವುಗಳಲ್ಲಿ ಹೆಸರುಗಳಿದ್ದವು. ಆದರೆ ಆರರಲ್ಲಿ ಒಂದೂ ಪುಸ್ತಕದ ಕೊನೆಯಲ್ಲಿ ಸಿಕ್ಕಿಬಿದ್ದವರ ಹೆಸರಾಗಿರಲಿಲ್ಲ. ಆಮೇಲೆ ಲಕೋಟೆಗಳನ್ನು ಬಿಚ್ಚಿದೆ. ಮೂರು ಮೂಲೆಯ ಮಡಿಕೆಯ ಗುರುತು ಇನ್ನೂ ಉಳಿದ ಒಂದೊಂದು ಚೀಟಿ, ನನ್ನದೇ ಅಕ್ಷರ. ಅಂಟಿಸಿದ ತುಂಡಿನ ಅಡಿಯಲ್ಲಿ ಇದ್ದ ಹೆಸರೇ ಅದರಲ್ಲಿಯೂ ಇತ್ತು. ಆರು ಸಲವೂ.

ಅವ್ವಾರ ಪ್ರತಿ ಸಲ ಸರಿಯಾಗಿ ಹೇಳಿದ್ದರು. ಸರ್ ಗುಟ್ಟಾಗಿ ಅರಗು ಬಿಡಿಸಿ, ಚೀಟಿ ನೋಡಿ, ಕೊಲೆಗಾರನನ್ನು ಬದಲಿಸಿ, ಮತ್ತೆ ಅರಗು ಹಚ್ಚಿದ್ದರು. ಶಾಲೆಯಲ್ಲಿ ನಕಲು ಮಾಡಿದವರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ ಮನುಷ್ಯ! ನನಗೆ ಸಿಟ್ಟು ಬಂತು, ನಗುವೂ ಬಂತು. ಹೆಂಡತಿಯ ಮುಂದೆ ಸೋಲಲಾರದ ಹಟವೇ? ಅಥವಾ ಕೊನೆಯ ಅಧ್ಯಾಯವನ್ನು ಅವರು ಬೆರಗಿನಿಂದ ಕೇಳಲಿ ಎಂಬ ಆಸೆಯೇ? ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಯಾರಿಗೂ ಹೇಳದೆ ಲಕೋಟೆಗಳನ್ನು ಮುಚ್ಚಿಟ್ಟೆ.

ಕೊನೆಯ ಅಧ್ಯಾಯ ಬರೆದೆ. ಮಾಸ್ತರರ ವಾಕ್ಯಗಳು ನನಗೆ ಬಾಯಿಪಾಠ, ಕಷ್ಟವಾಗಲಿಲ್ಲ. ಖಾನಂ ಐವರನ್ನೂ ಗೋಪುರದ ಗಡಿಯಾರದ ಕೆಳಗೆ ಕೂರಿಸುತ್ತಾಳೆ. ಗಡಿಯಾರದವನ ಕಿಸೆಯಿಂದ ಎರಡು ಗಡಿಯಾರ ಹೊರತೆಗೆಯುತ್ತಾಳೆ. ಎರಡರ ನಡುವೆ ಇರುವ ಅಂತರದಲ್ಲಿ ಅವನ ಸುಳ್ಳು ಸಿಕ್ಕಿಬೀಳುತ್ತದೆ.

ಹೋದ ತಿಂಗಳು ಒಂದು ಭಾನುವಾರ ಅದೇ ಪಡಸಾಲೆಯಲ್ಲಿ ಓದಿದೆ. ಸರ್ ಕುರ್ಚಿ ಖಾಲಿ ಬಿಟ್ಟು ನಾನು ಚಾಪೆಯ ಮೇಲೆ ಕೂತೆ. ಪಾಶಾನ ಮಾತು ಬಂದಾಗ ಈರಣ್ಣನೇ ಒಮ್ಮೆ ಕೆಮ್ಮಿದ. ಮುಗಿದ ಮೇಲೆ ಅವ್ವಾರ ಒಳಗಿನಿಂದ ಡಬ್ಬಿ ತಂದು ದಸ್ತಗೀರಸಾಬರ ಮುಂದೆ ಇಟ್ಟರು. "ಒಡೀರಿ ಸಾಹೇಬ್ರ. ಪದ್ಧತಿ ಬಿಡಬಾರದು."

ದಸ್ತಗೀರಸಾಬರು ಅರಗು ಒಡೆದು ಚೀಟಿಗಳನ್ನು ಒಂದೊಂದಾಗಿ ಓದಿದರು. "ಅಡಗೀಯವ. ಇದು ನಂದ, ನನಗ ಆ ಅಡಗೀಯವನ ಮ್ಯಾಲ ಮೊದಲಿಂದ ಸಿಟ್ಟಿತ್ತು. ಕಪ್ತಾನ, ಇದು ಈರಣ್ಣಂದು, ಅಕ್ಷರ ನೋಡಿದ್ರ ಗೊತ್ತಾಗತೈತಿ, ಹೊಲಿಗಿ ಹಾಕಿದಂಗ ಐತಿ. ಪಾಶಾನ ತಂಗಿ."

ಪಾಶಾನ ತಂಗಿ ನನ್ನ ಚೀಟಿ. ಉಳಿದದ್ದು ಒಂದು, ಮೂರು ಮೂಲೆಯ ಮಡಿಕೆಯದು. ದಸ್ತಗೀರಸಾಬರು ಬಿಡಿಸಿ ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಗಡಿಯಾರದವ!"

"ಅವ್ವಾರದು ಹತ್ತೇಬಿಟ್ತಲ್ರೀ!" ಎಂದು ಈರಣ್ಣ ಎದ್ದು ನಿಂತ. "ಏಳನೇ ಸಲಕ್ಕ ಮಾಸ್ತರ ಸೋತ್ರು! ಇವತ್ತಿನ ಚಹಾ ನನ್ನ ಲೆಕ್ಕ, ಯುರೋಪಿನಿಂದ ತರಸ್ತೀನಿ!"

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ನನ್ನ ಅಕ್ಷರವನ್ನೇ ನೋಡುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ಅವ್ವಾರ ನನ್ನ ಕಿವಿಯಲ್ಲಿ ಹೇಳಿದ ಹೆಸರನ್ನು ನಾನೇ ಬರೆದಿದ್ದೆ, ಬರೆದು ಪೂರ್ತಿ ಮರೆತಿದ್ದೆ. ಹಾಗಾದರೆ ಮಲ್ಲಸಮುದ್ರದ ದಾರಿಯಲ್ಲಿ ಆ ಹೆಸರು ಎತ್ತಿದವಳು ನಾನಿರಬಹುದೇ? ಅವ್ವಾರ ಗುಟ್ಟನ್ನು ಸರ್ ಮುಂದೆ ಬಾಯಿತಪ್ಪಿ ಆಡಿದೆನೇ? ಅಥವಾ ದಾರಿಯಲ್ಲಿ ಬೇರೆ ಏನೋ ಮಾತಾಗಿ, ಅಡುಗೆಮನೆಯ ಪಿಸುಮಾತಿಗೆ ನನ್ನ ಮನಸ್ಸು ಸರ್ ಅವರ ಕೊಡೆಯನ್ನು ಹಿಡಿಸಿತೇ? ಗಂಟೆಯ ಕೊಕ್ಕೆಗೆ ಹಾಗೆ ಮಾಡಿದವಳಿಗೆ ಇದೇನು ದೊಡ್ಡದು? ಗಂಡನ ಕೊನೆಯ ಮಾತು ಬೇಕು ಎಂದು ಕೇಳಿದವರಿಗೆ ನಾನು ಅವರು ಚೀಟಿಗೆ ಹೇಳಿದ ಮಾತನ್ನೇ ತಿರುಗಿ ಕೊಟ್ಟಿದ್ದೆ.

ಗಂಡಸರಿಬ್ಬರೂ ಹೋದ ಮೇಲೆ ಆ ಚೀಟಿ ಹಿಡಿದು ಅಡುಗೆಮನೆಗೆ ಹೋದೆ. ಅವ್ವಾರ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಕೇಳಿದರು:

"ಖರೆ ಹೇಳು ಯವ್ವಾ. ಅವರ ಹೇಳಿದ್ದೇನ ಅದು?"

"ಗೊತ್ತಿಲ್ರಿ ಅವ್ವಾರ. ಹೇಳ್ಯಾರ ಅಂತ ಅನ್ಕೊಂಡಿದ್ದೆ. ಈಗ ಗೊತ್ತಾಗವಲ್ದು."

ಅವರು ನಲ್ಲಿ ನಿಲ್ಲಿಸಿದರು. "ನನಗ ಅನಸಿತ್ತು. ನಂದು ಹತ್ತೂ ಹಂಗ ಅವರು ಬರಿಯಾವ್ರಲ್ಲ. ಆರು ಸಲ ಬದಲಿ ಮಾಡ್ಯಾರ."

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನ? ಡಬ್ಬಿ ಒಳಗ ಕೈ ಹಾಕಿದ ದಿನ ಊಟಕ್ಕ ಕುಂತಾಗ ನನ್ನ ಮುಖ ನೋಡ್ತಿದ್ದಿಲ್ಲ ಅವರು. ರೊಟ್ಟಿ ಮುಗದ್ರೂ ಬೇಡತಿದ್ದಿಲ್ಲ. ಓಹೋ, ಈ ಸಲನೂ ನಂದು ಹತ್ತೇತಿ ಅಂತ ನನಗ ನಾನ ಅನ್ಕೊಂತಿದ್ದೆ."

"ಮತ್ತ ಕೇಳಲಿಲ್ಲೇನ್ರಿ ಅವರನ್ನ?"

"ಕೇಳಿದ್ರ ಬರಿಯೂದ ಬಿಡ್ತಿದ್ರು."

"ಈ ಏಳನೇದಕ್ಕ?"

ಅವ್ವಾರ ತೊಳೆದ ಬಸಿಯೊಂದನ್ನು ಬೋರಲು ಹಾಕಿದರು. "ಈ ಸಲ ನೋಡಿದ್ರು. ಹಾಸಿಗಿ ಹಿಡಿಯೂತನಾ ದಿನಾ ನನ್ನ ಮುಖ ನೋಡಿ ಉಂಡ್ರು. ಡಬ್ಬಿ ತಗದಿರಲಿಕ್ಕಿಲ್ಲ, ಇಲ್ಲಾ ನಂದು ತಪ್ಪಿರಬೇಕು. ಇಲ್ಲಾ ಈ ಸಲ ನಂದ ಇರಲಿ ಅಂತ ಬಿಟ್ಟಿದ್ರೇನೋ. ಯಾವುದಂತ ಹೇಳ್ಲಿ?"

ಬೇರೆ ಬರೆಯಲೇ ಎಂದು ಕೇಳಿದೆ. ಯಾರೂ ಹೆಸರಿಸದೆ ಉಳಿದವನು ತಾರು ಗುಮಾಸ್ತ ಒಬ್ಬನೇ. ಸರ್ ಪದ್ಧತಿಯ ಪ್ರಕಾರ ಅವನೇ ಕೊಲೆಗಾರನಾಗಬೇಕು ಎಂದೆ. ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ, ಕೊನೆಯ ಅಧ್ಯಾಯ ಬದಲಿಸಲು ವಾರ ಸಾಕು ಎಂದೂ ಹೇಳಿದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೈಯಲ್ಲಿದ್ದ ಚೀಟಿಯನ್ನು ಇಸಿದುಕೊಂಡರು. ಹಳೆಯ ಮಡಿಕೆಯನ್ನು ಬೆರಳಿನಿಂದ ಹುಡುಕಿ ಮೂರು ಮೂಲೆಯಾಗಿ ಮಡಿಸಿದರು.

"ಬ್ಯಾಡ. ಇದ ಇರಲಿ. ಇನ್ನ ಬದಲಿ ಮಾಡಾವ್ರು ಎಲ್ಲೆದಾರ?"

ಪುಸ್ತಕ ಹಾಗೆಯೇ ಅಚ್ಚಾಗುತ್ತಿದೆ. ಮೊದಲ ಪುಟದಲ್ಲಿ ಅವರ ‘ಇದು ಆಗಿಲ್ಲ’ ಇದೆ, ಅದನ್ನು ಮುಟ್ಟಿಲ್ಲ. ಅವ್ವಾರ ಆಡಿದ ಮಾತನ್ನು ಆ ದಿನದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆಡಿದವರು ಯಾರೆಂದೂ ಬರೆದಿದ್ದೇನೆ.